ಒಳಗೆ ಬಿಟ್ಟ ಬಟ್ಟೆ

“ಅದೊಂದು ಬೇಡ, ಅತ್ತ ಇಡು,” ಎಂದ ಟೈಲರ್, ಯಂತ್ರದಿಂದ ತಲೆ ಎತ್ತದೆಯೇ.

ಮಗಳು ಆಗಲೇ ಹಳದಿ ಫ್ರಾಕನ್ನು ಕತ್ತರಿಸುವ ಮೇಜಿನ ಮೇಲೆ ಮಗುಚಿ ಹಾಕಿ, ಬ್ಲೇಡಿನ ಚೂರನ್ನು ಎರಡು ಬೆರಳುಗಳ ನಡುವೆ ಹಿಡಿದಿದ್ದಳು. “ಯಾಕೆ? ಚೆನ್ನಾಗೇ ಇದೆಯಲ್ಲ. ಬಣ್ಣ ಕೂಡ ಹೋಗಿಲ್ಲ.”

“ಗಿಡ್ಡ ಅದು. ಯಾರಿಗೂ ಆಗಲ್ಲ.”

“ಗಿಡ್ಡ ಅಂತಾನೇ ಬಿಚ್ಚೋಕೆ ಹೊರಟಿರೋದು. ಒಳಗೆ ಮಡಿಸಿರೋ ಬಟ್ಟೆ ಇಳಿಸಿದ್ರೆ ಎರಡಿಂಚು ಉದ್ದ ಆಗುತ್ತೆ. ನೀನೇ ಅಲ್ವಾ ಹೇಳಿಕೊಟ್ಟಿದ್ದು?”

ಹೇಳಿಕೊಟ್ಟದ್ದು ಹೌದು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ. ಬೆಳೆಯುವ ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಎರಡಿಂಚು, ಪಕ್ಕೆಗಳಲ್ಲಿ ಒಂದೊಂದಿಂಚು ಒಳಗೆ ಬಿಡಬೇಕು, ಬಿಡದವನು ಟೈಲರೇ ಅಲ್ಲ ಎಂದು ಈ ರಜೆಯಲ್ಲಿ ಅವಳನ್ನು ಅಂಗಡಿಯಲ್ಲಿ ಕೂರಿಸಿಕೊಂಡ ಮೊದಲ ದಿನವೇ ಭಾಷಣ ಬಿಗಿದಿದ್ದ. ಆ ಭಾಷಣವನ್ನು ಅವನ ಅಪ್ಪ ಅವನಿಗೆ ಬಿಗಿದಿದ್ದರು. ಈಗ ಹದಿನಾಲ್ಕು ವರ್ಷದ ಹುಡುಗಿ ಅದನ್ನೇ ಅವನ ತಲೆಗೆ ಕಟ್ಟುತ್ತಿದ್ದಳು.

ಇದೆಲ್ಲ ಶುರುವಾದದ್ದು ಹಿಂದಿನ ದಿನ. ವರ್ಷಕ್ಕೊಮ್ಮೆ ತೋರಿಸಲು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ದಪ್ಪ ಫೈಲನ್ನು ಮುಚ್ಚಿ, “ಇನ್ಮೇಲೆ ನೀವು ಇಲ್ಲಿಗೆ ಬರಬೇಡಿ. ಬಂದ್ರೆ ನಾನೇ ಬೈದು ಕಳಿಸ್ತೀನಿ,” ಎಂದಿದ್ದರು. ಮಗಳಿಗೆ ಐದನೇ ವಯಸ್ಸಿನಲ್ಲಿ ಬಂದ ರಕ್ತದ ಕ್ಯಾನ್ಸರು, ಎರಡೂವರೆ ವರ್ಷದ ಔಷಧ, ಆಮೇಲೆ ಇಷ್ಟೂ ವರ್ಷ ಪ್ರತಿ ವರದಿಗೂ ಉಸಿರು ಬಿಗಿಹಿಡಿದು ಕಾದದ್ದು, ಎಲ್ಲ ಆ ಒಂದು ಫೈಲಿನೊಳಗೆ ಮುಚ್ಚಿಹೋಯಿತು. ಹೊರಗೆ ಕಾರಿಡಾರಿನಲ್ಲಿ ಆರು ವರ್ಷದ ಒಂದು ಹೆಣ್ಣುಮಗು, ವಯಸ್ಸಿಗೆ ಮೀರಿದ ಉದ್ದ, ಆಸ್ಪತ್ರೆಯ ನಿಲುವಂಗಿಯಲ್ಲಿ ಮೊಣಕಾಲು ಕಾಣಿಸುತ್ತ ನಿಂತಿತ್ತು. ಮಗಳು ಅದರ ಹತ್ತಿರ ಏನೇನೋ ಮಾತಾಡಿ, “ನನ್ನ ಹಳೇ ಫ್ರಾಕೆಲ್ಲ ನಿಂಗೇ” ಎಂದು ಮಾತು ಕೊಟ್ಟು ಬಂದಳು. ಕೊಟ್ಟ ಮಾತಿಗಾಗಿ ಈ ಬೆಳಿಗ್ಗೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಿತು.

ಹಾಳು ಆಸ್ಪತ್ರೆ, ಇದರ ಮುಖ ಮತ್ತೆ ನೋಡುವ ಹಾಗಾಗದಿರಲಿ ಎಂದು ಟೈಲರ್ ಅದೆಷ್ಟು ಸಲ ಅಂದುಕೊಂಡಿದ್ದನೋ. ನಿಜವಾಗಿಯೂ ನೋಡಬೇಕಾಗಿಲ್ಲ ಎಂದಾಗ ಗೇಟಿನ ಹತ್ತಿರ ನಿಂತು ಹಿಂತಿರುಗಿ ನೋಡಿದ. ಮೂರನೇ ಮಹಡಿ, ಎಡಗಡೆಯಿಂದ ನಾಲ್ಕನೇ ಕಿಟಕಿ. ಬಸ್ಸಿನಿಂದ ಹೆಂಡತಿಯೂ ಅದನ್ನೇ ನೋಡಿದಳು. ಖುಷಿಗೇನೂ ಕಡಿಮೆಯಿರಲಿಲ್ಲ. ಆದರೆ ಖುಷಿಯ ಪಕ್ಕದಲ್ಲೇ ಇನ್ನೊಂದು ಕೂತಿತ್ತು, ಅದನ್ನು ಯಾರ ಮುಂದೆ ಹೇಳಿದರೂ ಹುಚ್ಚು ಅನ್ನುತ್ತಾರೆ. ಅವನಿಗೆ ಆ ವಾರ್ಡಿನ ದಿನಗಳು ಬೇಕೆನಿಸುತ್ತಿದ್ದವು.

ಆ ಕಿಟಕಿಯ ಪಕ್ಕದ ಮಂಚದಲ್ಲಿ ಮೂವರೂ ಒಟ್ಟಿಗೆ ಇದ್ದಷ್ಟು ಆಮೇಲೆ ಯಾವತ್ತೂ ಇರಲಿಲ್ಲ. ಹೆಂಡತಿ ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಮೊದಲ ದಿನ ಕೆಲಸದಿಂದ ನೇರವಾಗಿ, ನೀಲಿ ಗೆರೆಯ ಏಪ್ರನ್ ಕೂಡ ಬಿಚ್ಚದೆ ಮಗುವನ್ನು ಎತ್ತಿಕೊಂಡು ಬಂದವಳು, ವರ್ಷಗಟ್ಟಲೆ ಅಲ್ಲೇ ಉಳಿದಳು. ಇವನು ನಾಲ್ಕು ದಿನ ಅಂಗಡಿ, ಮೂರು ದಿನ ಆಸ್ಪತ್ರೆ. ಬರುವಾಗ ಚೀಲದ ತುಂಬ ಕತ್ತರಿಸಿ ಉಳಿದ ಚೂರು ಬಟ್ಟೆ. ಅದರಲ್ಲಿ ವಾರ್ಡಿನ ಬೋಳು ತಲೆಗಳಿಗೆಲ್ಲ ಟೋಪಿ ಹೊಲಿಯುತ್ತಿದ್ದ. ಒಂದು ಕಿವಿ ಚೆಕ್ಸು, ಇನ್ನೊಂದು ಕಿವಿ ಹೂವು. ನರ್ಸಮ್ಮನೊಬ್ಬಳು ತನಗೂ ಒಂದು ಬೇಕೆಂದು ಹಟ ಹಿಡಿದು ತಲೆಯ ಅಳತೆ ಕೊಟ್ಟಿದ್ದಳು.

ಮಗಳಿಗೆ ಆಗ ‘ಬಾಬಿನ್’ ಎಂದು ಹೆಸರು, ಹೊಲಿಗೆ ಯಂತ್ರದೊಳಗಿನ ದಾರದ ಉರುಳೆಯ ಹಾಗೆ ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುತ್ತಿದ್ದಳೆಂದು. ಔಷಧದ ಸ್ಟ್ಯಾಂಡನ್ನು ಎಳೆದುಕೊಂಡೇ ವಾರ್ಡು ಸುತ್ತುತ್ತಿದ್ದಳು. ಸ್ಟಿರಾಯ್ಡ್ ಕೊಟ್ಟ ವಾರಗಳಲ್ಲಿ ಕೆನ್ನೆ ಉಬ್ಬಿ, ಬಕಾಸುರನ ಹಸಿವು. ಬೆಳಕು ಹರಿಯುವ ಮುಂಚೆ ಎದ್ದು ಕೂತು, “ಬ್ರೆಡ್ಡು ಸುಟ್ಟು ಕೊಡು” ಎಂದು ಪಕ್ಕದ ಮಂಚದವರನ್ನೂ ಎಬ್ಬಿಸುತ್ತಿದ್ದಳು. ರಕ್ತದ ಕೌಂಟು ಬಿದ್ದಾಗ ಮೂಗಿಗೆ ಮಾಸ್ಕು, ಕುದಿಸಿದ ನೀರು, ಅಮ್ಮನನ್ನು ಬಿಟ್ಟು ಯಾರೂ ಮುಟ್ಟುವ ಹಾಗಿಲ್ಲ. ಆಗ ಅಪ್ಪ ಬಾಗಿಲ ಗಾಜಿನಾಚೆ ನಿಂತು ಅಳತೆಯ ಟೇಪನ್ನು ಮೀಸೆಯ ಹಾಗೆ ಹಿಡಿದು ಕುಣಿಯಬೇಕಾಗಿತ್ತು. ಕುಣಿಯುತ್ತಿದ್ದ. ಊರಿನಲ್ಲಿ ಅವನನ್ನು ಬಿಗುಮಾನದ ಮನುಷ್ಯ ಎನ್ನುತ್ತಿದ್ದರು.

ಟೇಪು ಮಾತ್ರ ಅವನನ್ನು ನಗಿಸಲಿಲ್ಲ. ಬಂದಾಗಲೆಲ್ಲ ಆಟದ ನೆಪದಲ್ಲಿ ಅವಳ ಅಳತೆ ತೆಗೆದು ಅಂಗಡಿಯ ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದ. ಎದೆ ಇಪ್ಪತ್ತಮೂರು, ಆಮೇಲೆ ಇಪ್ಪತ್ತೈದು, ಆಮೇಲೆ ಇಪ್ಪತ್ತೊಂದು, ಇಪ್ಪತ್ತು. ಉದ್ದ ಮಾತ್ರ ವರ್ಷವಿಡೀ ಅದೇ. ಮಗು ಬೆಳೆಯುತ್ತಿರಲಿಲ್ಲ. ಔಷಧ ನಡೆಯುವಾಗ ಹಾಗಾಗುತ್ತೆ, ಆಮೇಲೆ ಬೆಳೀತಾಳೆ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಬುದ್ಧಿ ಬಂದಾಗಿನಿಂದ ಮಕ್ಕಳ ಬಟ್ಟೆ ಹೊಲಿದುಕೊಂಡು ಬಂದವನಿಗೆ ಡಾಕ್ಟರ ಮಾತಿಗಿಂತ ಟೇಪಿನ ಮೇಲೆ ನಂಬಿಕೆ.

ಆರನೇ ಹುಟ್ಟುಹಬ್ಬದ ಹತ್ತು ದಿನ ಮುಂಚೆ ಅವಳಿಗೆ ಸೋಂಕು ತಗುಲಿತು. ಜ್ವರ ಇಳಿಯಲೇ ಇಲ್ಲ. “ಈ ವಾರ ಕಳೀಲಿ, ಆಮೇಲೆ ಮಾತಾಡೋಣ,” ಎಂದರು ಡಾಕ್ಟರಮ್ಮ. ಅದನ್ನು ಹೇಳುವಾಗ ಅವರು ಅವನ ಮುಖ ನೋಡಲಿಲ್ಲ. ಬಟ್ಟೆಬರೆ ತರಲೆಂದು ಊರಿಗೆ ಬಂದವನು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಅವಳೇ ಆರಿಸಿಟ್ಟಿದ್ದ ಹಳದಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ. ಒಂದೇ ಬೈಠಕ್ಕಿನಲ್ಲಿ ಫ್ರಾಕು ಮುಗಿಸಿದ. ಇಸ್ತ್ರಿ ಹಾಕುವಾಗ ಅಂಚು ಕೈಗೆ ತೆಳ್ಳಗೆ ಸಿಕ್ಕಿತು. ತಿರುಗಿಸಿ ನೋಡಿದ. ನೂಲು ಬಿಡದಿರಲಿ ಎಂದು ಕಾಲಿಂಚು ಮಡಿಸಿದ್ದು ಬಿಟ್ಟರೆ ಒಳಗೆ ಬಟ್ಟೆಯೇ ಇರಲಿಲ್ಲ. ಪಕ್ಕೆಯಲ್ಲೂ ಇಲ್ಲ. ಬಟ್ಟೆ ಸಾಲದೆ ಹೋಯಿತು ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಹಾಗೂ ಇರಲಿಲ್ಲ; ಮೇಜಿನ ಮೇಲೆ ಇನ್ನೂ ಒಂದು ಮೊಳ ಬಟ್ಟೆ ಬಿದ್ದಿತ್ತು.

ಮೂವತ್ತು ವರ್ಷದ ಕಸುಬಿನಲ್ಲಿ ಅವನ ಕೈ ಮಕ್ಕಳ ಬಟ್ಟೆಗೆ ಹಾಗೆ ಕತ್ತರಿ ಹಾಕಿದ್ದು ಅದೊಂದೇ ಸಲ. ಮನಸ್ಸು ಒಪ್ಪದಿದ್ದರೂ ಕೈ ಒಪ್ಪಿಬಿಟ್ಟಿತ್ತು. ಬಿಚ್ಚಿ ಬೇರೆ ಹೊಲಿಯೋಣವೆಂದರೆ ಬಸ್ಸಿಗೆ ಹೊತ್ತಾಗಿತ್ತು. ಹಾಗೇ ಚೀಲಕ್ಕೆ ಹಾಕಿಕೊಂಡು ಹೋದ. ಮಗು ಬದುಕಿತು. ಫ್ರಾಕು ತೊಟ್ಟು ಬಾಬಿನ್ನಿನ ಹಾಗೆ ಸುತ್ತಿತು. ಅಂಚಿನಲ್ಲಿ ಬಟ್ಟೆ ಒಂದಿಷ್ಟು ಸುಕ್ಕುಗಟ್ಟಿದ್ದನ್ನು ಟೈಲರ್ ನೋಡಿದ; ಆಸ್ಪತ್ರೆಯವರು ಬಿಸಿನೀರಲ್ಲಿ ಒಗೆದು ಹಾಳು ಮಾಡಿದ್ದಾರೆ ಅಂದುಕೊಂಡ. ಮುಂದೆ ಅವಳು ನಿಜವಾಗಿ ಬೆಳೆಯತೊಡಗಿದಾಗ ಉಳಿದ ಬಟ್ಟೆಗಳನ್ನೆಲ್ಲ ಬಿಚ್ಚಿ ಇಳಿಸಿಕೊಟ್ಟ. ಹಳದಿ ಫ್ರಾಕನ್ನು ಹೆಂಡತಿ ತಾನಾಗಿಯೇ ಟ್ರಂಕಿಗೆ ಹಾಕಿದಳು. ಸದ್ಯ, ಬಚಾವಾದೆ ಎಂದುಕೊಂಡಿದ್ದ. ಎಂಟು ವರ್ಷ ಆ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ತಿಳಿಯುವ ಭಯವಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಹಾಗೆ, ಟೈಲರನ ಹೆಂಡತಿಗೆ ಒಂದು ಗುಂಡಿ ಹಾಕಲೂ ಬರುತ್ತಿರಲಿಲ್ಲ. ಆದರೆ ಮಗಳು ಈಗ ಕಸುಬು ಕಲಿತವಳು. ಬಿಚ್ಚಿದರೆ ಓದಿಬಿಡುತ್ತಾಳೆ.

“ಬಾಬಿನ್, ಹೇಳಿದ ಮಾತು ಕೇಳು,” ಎಂದು ಅವನು ಎದ್ದ.

ಅಷ್ಟರಲ್ಲಿ ಬ್ಲೇಡು ದಾರಕ್ಕೆ ತಾಗಿಯಾಗಿತ್ತು. ಮಗಳು ಅಂಚನ್ನು ಬಿಡಿಸಿ ನೋಡಿ, ಗಹಗಹಿಸಿ ನಗತೊಡಗಿದಳು.

“ಅಪ್ಪ! ಯಾರು ಹೊಲಿದಿದ್ದು ಇದನ್ನ? ಕತ್ತೆ ಕಾಲಲ್ಲಿ ಹೊಲಿದ ಹಾಗಿದೆ!”

ಅವನು ಹತ್ತಿರ ಬಂದ. ಹಳದಿ ಅಂಚಿನ ಒಳಗಡೆ, ಮಡಚಿಟ್ಟ ಇನ್ನೊಂದು ಬಟ್ಟೆಯ ಪಟ್ಟಿ ಇತ್ತು. ಅಗಲ ಒಂದು ಕಡೆ ಮೂರಿಂಚು, ಇನ್ನೊಂದು ಕಡೆ ನಾಲ್ಕು. ಹೊರಗೆ ಕಾಣದಂತೆ ಒಳಮಡಿಕೆಗೆ ಹಾಕಿದ ಕಪ್ಪು ದಾರದ ಕೈಹೊಲಿಗೆ. ಒಂದು ಹೊಲಿಗೆ ಭತ್ತದ ಕಾಳಿನಷ್ಟು, ಪಕ್ಕದ್ದು ಬೆರಳಿನ ಗೆಣ್ಣಿನಷ್ಟು. ದಾರ ಮುಗಿದಲ್ಲೆಲ್ಲ ಕಡಲೆ ಗಾತ್ರದ ಗಂಟು. ಪಟ್ಟಿಯ ಬಟ್ಟೆ ಬಿಳಿ, ಅದರ ಮೇಲೆ ನೀಲಿ ಗೆರೆ.

ಟೈಲರ್ ಮೇಜನ್ನು ಹಿಡಿದುಕೊಂಡ. ಆಸ್ಪತ್ರೆಯ ದಿನಗಳು ಮುಗಿದು ಹೆಂಡತಿ ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನ ಅವನು ಅವಳ ಏಪ್ರನ್ ನೋಡಿ, “ಅದು ಗಿಡ್ಡ ಆಯ್ತೋ, ನೀನು ಉದ್ದ ಆದೆಯೋ?” ಎಂದು ಕಿಚಾಯಿಸಿದ್ದ. ಅವಳು, “ಎರಡೂ,” ಎಂದು ನಕ್ಕು ಹೋಗಿದ್ದಳು. ಆ ಏಪ್ರನ್ನಿನ ಅಂಚನ್ನು ಅವನು, ಅಷ್ಟು ದೊಡ್ಡ ಟೈಲರ್, ತಿರುಗಿಸಿ ಸಹ ನೋಡಿರಲಿಲ್ಲ.

“ಏನಾಯ್ತಪ್ಪ? ಯಾಕೆ ಹಾಗೆ ನಿಂತೆ?”

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಬೆಳಗಿನ ಪಾಳಿ ಮುಗಿಸಿ ಹೆಂಡತಿ ಬಂದಳು. ಅವಳ ಜೊತೆಗೆ ಬಿಸಿ ಬ್ರೆಡ್ಡಿನ ವಾಸನೆಯೂ ಬಂತು. ಮೇಜಿನ ಮೇಲಿನ ಹಳದಿ ಬಟ್ಟೆ ಕಂಡು ಅವಳು ಅಲ್ಲೇ ನಿಂತಳು.

“ಅಮ್ಮಾ, ನೋಡು ಬಾ. ಯಾರೋ ಮಹಾನ್ ಕಲಾವಿದರ ಕೈಕೆಲಸ.”

“ಯಾರೋ ಯಾಕೆ? ನಾನೇ,” ಎಂದಳು ಹೆಂಡತಿ, ಕೈಚೀಲವನ್ನು ಮೊಳೆಗೆ ಸಿಕ್ಕಿಸುತ್ತ. “ನರ್ಸಮ್ಮನ ಹತ್ರ ಸೂಜಿ ಇಸ್ಕೊಂಡೆ. ಅವಳ ಹತ್ರ ಇದ್ದಿದ್ದು ಕಪ್ಪು ದಾರ ಒಂದೇ.”

“ಯಾಕೆ ಹಾಕಿದೆ? ಅಪ್ಪ ಒಳಗೆ ಬಟ್ಟೆ ಬಿಟ್ಟಿರಲಿಲ್ವಾ?”

ಹೆಂಡತಿ ಮೊಳೆಗೆ ಸಿಕ್ಕಿಸಿದ ಚೀಲವನ್ನೇ ಮತ್ತೆ ಸರಿಮಾಡಿದಳು. ಗಂಡನ ಮುಖ ನೋಡಲಿಲ್ಲ. ಅವನನ್ನು ಪಾರುಮಾಡಲು ಅವಳು ಒಂದು ಸುಳ್ಳು ಹುಡುಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಎಂಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದಾಳಲ್ಲ.

“ಬಿಟ್ಟಿರಲಿಲ್ಲ ಮಗಳೇ,” ಎಂದ. “ಬಟ್ಟೆ ಇತ್ತು. ನಾನೇ ಬಿಡಲಿಲ್ಲ. ನೀನು ಬೆಳೀತೀಯ ಅನ್ನೋ ನಂಬಿಕೆ ಅವತ್ತು ನನಗೆ ಹೋಗಿಬಿಟ್ಟಿತ್ತು.”

ಮಗಳ ನಗು ನಿಂತಿತು. ಅವಳು ಅಪ್ಪನನ್ನು ನೋಡಿದಳು, ಫ್ರಾಕನ್ನು ನೋಡಿದಳು. ಅವನಿಗೆ ಅವಳು ಅತ್ತರೂ ಸರಿ, ಬೈದರೂ ಸರಿ, ಏನಾದರೂ ಅಂದರೆ ಸಾಕಾಗಿತ್ತು.

“ಹಾಗಾದ್ರೆ ಅಮ್ಮನಿಗೆ ಮಾತ್ರ ಇತ್ತಾ, ನಂಬಿಕೆ?” ಎಂದು ಕೊನೆಗೆ ಕೇಳಿದಳು.

“ಎಲ್ಲಿತ್ತು ಮಣ್ಣು!” ಎಂದಳು ಹೆಂಡತಿ. “ನಂಬಿಕೆ ಇದ್ದಿದ್ರೆ ಇಷ್ಟು ಕೆಟ್ಟದಾಗಿ ಹೊಲೀತಿದ್ನಾ? ಕೈ ನಡುಗ್ತಾ ಇತ್ತು ಕಣೆ. ನಿಂಗೆ ಫ್ರಾಕು ಹಾಕೋಣ ಅಂತ ತಿರುಗಿಸಿದ್ರೆ ಒಳಗೆ ಖಾಲಿ. ಹಾಗೇ ಹಾಕೋಕೆ ಮನಸ್ಸು ಬರಲಿಲ್ಲ. ಏನೋ ಒಂದು ಹಾಕಿ ಮುಚ್ಚಿದೆ.” ಆಮೇಲೆ ಗಂಡನ ಕಡೆ ತಿರುಗಿದಳು. “ನಿಮ್ಮನ್ನ ಕೇಳೋಣ ಅಂದ್ಕೊಂಡೆ. ಬಾಗಿಲ ಗಾಜಿನ ಆಚೆ ನೀವು ಟೇಪು ಹಿಡ್ಕೊಂಡು ಕುಣೀತಾ ಇದ್ರಿ. ಆ ಮುಖಕ್ಕೆ ಏನಂತ ಕೇಳಲಿ?”

ಟೈಲರ್ ಕುರ್ಚಿಯ ಮೇಲೆ ಕೂತುಬಿಟ್ಟ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಆ ಕಿಟಕಿ, ಆ ಮಂಚ, ತಲೆಗೊಂದು ಟೋಪಿ ಹಾಕಿಕೊಂಡ ಮಕ್ಕಳ ಸಾಲು, ಗಾಜಿನ ಆ ಕಡೆ ನಗುತ್ತ ನಿಂತಿದ್ದ ಹೆಂಡತಿ, ಎಲ್ಲ ಒಟ್ಟಿಗೇ ಕಣ್ಮುಂದೆ ಬಂದವು. ಅವಳು ನಗುತ್ತಿದ್ದಾಗ ಅವಳ ಬೆನ್ನ ಹಿಂದೆ ಸೂಜಿ ಇತ್ತು.

ಮಗಳು ಅವನ ಹತ್ತಿರ ಬಂದು ಭುಜಕ್ಕೆ ತನ್ನ ಸೊಂಟ ಒತ್ತಿ ನಿಂತಳು. ಅವಳು ಈಗ ಅಷ್ಟು ಎತ್ತರವಾಗಿದ್ದಳು. “ಇದನ್ನ ಕೊಡಲ್ಲ. ಇದು ನಂದು,” ಎಂದಳು. “ಆ ಹುಡುಗಿಗೆ ಹೊಸದೇ ಹೊಲಿಯೋಣ.”

ಕಪಾಟಿನಿಂದ ಕೆಂಪು ಬಟ್ಟೆಯೊಂದನ್ನು ಇಳಿಸಿ ಅವಳೇ ಮೇಜಿನ ಮೇಲೆ ಹಾಸಿದಳು. ಯಾರೂ ಮುಟ್ಟುವ ಹಾಗಿಲ್ಲದ ದೊಡ್ಡ ಕತ್ತರಿಯನ್ನು ಟೈಲರ್ ತಾನಾಗಿಯೇ ಅವಳ ಮುಂದಿಟ್ಟ. ಮಗಳು ಕಣ್ಣಳತೆಯ ಮೇಲೆ ಉದ್ದ ಗುರುತು ಮಾಡಿ, ಸೀಮೆಸುಣ್ಣ ಎತ್ತಿ ಹಿಡಿದು ಕೇಳಿದಳು.

“ಒಳಗೆ ಎಷ್ಟು ಬಿಡಲಿ?”

ಅವನು ಬಾಯಿ ತೆರೆದ. ಆದರೆ ಹೆಂಡತಿ ಅಷ್ಟರಲ್ಲೇ ಮೇಜಿನ ಹತ್ತಿರ ಬಂದು, ಗುರುತಿನಿಂದ ಕೆಳಗೆ ತನ್ನ ಇಡೀ ಅಂಗೈಯನ್ನು ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟಳು. ಅಷ್ಟೆಲ್ಲ ಬಿಟ್ಟರೆ ಅಂಚು ಭಾರವಾಗಿ ಜೋತುಬೀಳುತ್ತದೆ ಎಂಬುದು ಟೈಲರನಿಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಮಗಳು ಬಗ್ಗಿ, ಅಮ್ಮನ ಬೆರಳುಗಳ ತುದಿಗೆ ತಾಗದ ಹಾಗೆ, ನಿಧಾನವಾಗಿ ಗೆರೆ ಎಳೆದಳು.