ಗುರುವಾರದ ತನಕ ತೆರೆಯಬಾರದು

ಬದರಿನಾಥರು ಲೆಟರ್‌ಬಾಕ್ಸಿನ ಸಂದಿಯೊಳಗೆ ಎರಡು ಬೆರಳು ತೂರಿಸಿ ತಡಕಾಡುತ್ತಿದ್ದರು. ಅರವತ್ತೆಂಟು ದಾಟಿದ ಮನುಷ್ಯ ಸಾವಿಗೆಂದು ಬಂದು ಸತ್ತವರ ಟಪಾಲು ಡಬ್ಬಿಗೆ ಕೈ ಹಾಕುವುದೆಂದರೆ ನೋಡಿದವರು ಏನಂದುಕೊಂಡಾರು! ಹತ್ತು ಹೆಜ್ಜೆಯಾಚೆ, ಫ್ಲ್ಯಾಟುಗಳ ಕೆಳಗಿನ ಅದೇ ತೆರೆದ ವಾಯ್ಡ್ ಡೆಕ್ಕಿನಲ್ಲಿ, ಗೆಳೆಯ ರಘುನಾಥರು ಪೆಟ್ಟಿಗೆಯೊಳಗೆ ಮಲಗಿದ್ದರು. ನಿನ್ನೆ, ಮಂಗಳವಾರ, ಬೆಳಗಿನ ಕಾಫಿ ಬೆರೆಸುತ್ತಲೇ ಕುಸಿದವರು ಮತ್ತೆ ಏಳಲಿಲ್ಲ. ಸೆಂಬವಾಂಗ್ ಶಿಪ್‌ಯಾರ್ಡಿನಲ್ಲಿ ಅವರ ಜೊತೆ ನಕ್ಷೆ ಬರೆದ ಹಳಬರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕುಳಿತಿದ್ದರು.

ಡಬ್ಬಿ ಖಾಲಿಯಿತ್ತು.

“ಅಂಕಲ್, ಏನ್ ಹುಡುಕ್ತಿದೀರಾ?” ರಘುನಾಥರ ಮಗಳು ರಜನಿ ಹಿಂದೆ ನಿಂತಿದ್ದಳು.

“ಏನಿಲ್ಲಮ್ಮ... ಹೋದ ಗುರುವಾರ ಒಂದು ಕವರ್ ಹಾಕಿದ್ದೆ.”

“ನಿಮ್ಮ ಯುದ್ಧದ ಕವರಾ? ಅಪ್ಪ ಎತ್ಕೊಂಡು ಬಂದ್ರು. ಮೇಲೆ ಮನೇಲಿ ಟೇಬಲ್ ಮೇಲಿದೆ. ಇನ್ನೂ ಓಪನ್ ಮಾಡಿಲ್ಲ ಅನ್ಸುತ್ತೆ.”

ಬದರಿನಾಥರು ಡಬ್ಬಿಯಿಂದ ಕೈ ತೆಗೆದರು. “ನನ್ನ ವಿಷಯ ಏನಾದ್ರೂ ಅಂದ್ರಾ?”

ರಜನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಯುಗಾದಿ ಆದ್ಮೇಲೆ ನಿಮ್ಮ ಹೆಸರೇ ಎತ್ತಿಲ್ಲ ಅಂಕಲ್. ಬನ್ನಿ, ವ್ಯಾನ್ ಬರೋದು ಎರಡು ಗಂಟೆಗೆ. ಆ ಕವರ್ ಅಪ್ಪನ ಜೊತೆಗೇ ಇಡೋಣ.”

*

ಅವರ ಯುದ್ಧ, ಮೇಜಿನ ಮೇಲೆ ಇಬ್ಬರೇ ಆಡುವ ಆಟ, ಹನ್ನೊಂದು ವರ್ಷದಿಂದ ನಡೆದಿತ್ತು. ಆಗಷ್ಟೇ ಕಣ್ಣು ಬಿಟ್ಟಿದ್ದ ಅಮೆರಿಕ 1812ರಲ್ಲಿ ಬ್ರಿಟನ್ನಿನ ಮೇಲೆ ಸಾರಿದ ಯುದ್ಧ ಅದು. ರಘುನಾಥರೇ ನಕ್ಷೆ ಬರೆದಿದ್ದರು. ಕೆನಡಾದ ಗಡಿಯ ದೊಡ್ಡ ಸರೋವರಗಳು, ಕರಾವಳಿ, ಬಂದರುಗಳು ಎಲ್ಲ ಅದರಲ್ಲಿದ್ದವು. ಬಾಟಲಿ ಮುಚ್ಚಳಗಳೇ ಹಡಗುಗಳು. ನೀಲಿ ರಘುನಾಥರ ಅಮೆರಿಕ, ಕೆಂಪು ಬದರಿನಾಥರ ಬ್ರಿಟನ್.

“ನಡು ಸಮುದ್ರದಲ್ಲಿ ನಿಮ್ಮೋರು ನಮ್ಮ ಹಡಗು ನಿಲ್ಸಿ, ಅದರಲ್ಲಿದ್ದ ನಾವಿಕರನ್ನ ಎಳ್ಕೊಂಡು ಹೋಗೋದು ಅಂದ್ರೇನ್ರೀ? ಯಾವ ನ್ಯಾಯ?” ಎಂದು ರಘುನಾಥರು ಮೊನ್ನೆ ತಾನೇ ನಡೆದದ್ದೆಂಬಂತೆ ಕೆರಳುತ್ತಿದ್ದರು. ಶಿಪ್‌ಯಾರ್ಡಿನಲ್ಲಿ ತಿಂಗಳುಗಟ್ಟಲೆ ದಡಕ್ಕಿಳಿಯಲು ಬಿಡದೆ ಕೂಡಿಹಾಕಿದ್ದ ಹಡಗಿನ ಹುಡುಗರನ್ನು ಅವರು ಕಂಡವರು.

“ನಾವಿಕರ ಹಕ್ಕು ಅಂತೀರಿ, ಸರಿ. ಹಾಗಾದ್ರೆ ಕೆನಡಾ ಮೇಲೆ ಯಾಕ್ರೀ ಕಣ್ಣು? ಅಲ್ಲಿನ ಮೂಲ ಜನರ ನೆಲ ನಿಮಗ್ಯಾಕೆ?” ಎಂದು ಬದರಿನಾಥರು ಚುಚ್ಚುತ್ತಿದ್ದರು. ರಘುನಾಥರು ಆಗ ಕಾಫಿ ತರಲು ಎದ್ದುಬಿಡುತ್ತಿದ್ದರು.

ಆ ಯುದ್ಧದಲ್ಲಿ ಸುದ್ದಿ ಹಡಗಿನ ಮೇಲೆ ತೆವಳಿಕೊಂಡು ಬರುತ್ತಿತ್ತು. ಯುರೋಪಿನಲ್ಲಿ ಶಾಂತಿಗೆ ಸಹಿ ಬಿದ್ದು ಎರಡು ವಾರವಾದರೂ ಗೊತ್ತಾಗದೆ ನ್ಯೂ ಆರ್ಲಿಯನ್ಸಿನಲ್ಲಿ ಜನ ಬಡಿದಾಡಿ ಸತ್ತಿದ್ದರು. ಅದಕ್ಕೇ ಇವರದೂ ಒಂದು ನಿಯಮ: ತನ್ನ ನಡೆಯನ್ನು ಬರೆದು, ಕವರಿಗೆ ಅಂಟು ಹಚ್ಚಿ, ಗೆಳೆಯನ ಲೆಟರ್‌ಬಾಕ್ಸಿಗೆ ಹಾಕಬೇಕು. ಅವನು ಅದನ್ನು ಏಳು ದಿನ ತೆರೆಯಬಾರದು.

ಸಾಮಾನ್ಯವಾಗಿ ರಘುನಾಥರೇ ಗೆಲ್ಲುತ್ತಿದ್ದರು. ಯುಗಾದಿಯ ಊಟದಲ್ಲಿ, ಮೂವತ್ತು ಜನರೆದುರು, ಬದರಿನಾಥರ ನಾಲಿಗೆ ಜಾರಿತು. “ನನ್ನ ಹಡಗು ಎಲ್ಲಿದೆ ಅಂತ ನಿಮಗೆ ಹೇಗ್ರೀ ಮೊದಲೇ ಗೊತ್ತಾಗುತ್ತೆ? ಕವರ್ ಕದ್ದು ಓದ್ತೀರಿ ನೀವು. ಮೋಸಗಾರರು!”

ರಘುನಾಥರು ಕೈಯಲ್ಲಿದ್ದ ಹೋಳಿಗೆಯನ್ನು ಎಲೆಯ ಮೇಲಿಟ್ಟು ಎದ್ದು ಹೋದರು. ಎರಡು ತಿಂಗಳು ಮಾತಿಲ್ಲ, ಕತೆಯಿಲ್ಲ.

ಫೋನ್ ಮಾಡಲು ಬದರಿನಾಥರಿಗೆ ಮುಖವಿರಲಿಲ್ಲ. ಕಡೆಗೆ ಹೋದ ಗುರುವಾರ ಕೂತು ಬರೆದರು: “ನಿಮ್ಮನ್ನು ಮೋಸಗಾರರು ಅಂದದ್ದು ತಪ್ಪಾಯಿತು. ನೀವಿಲ್ಲದೆ ಸಂಜೆಗಳು ಕಳೆಯುತ್ತಿಲ್ಲ. ಸಂಧಿ ಮಾಡಿಕೊಳ್ಳೋಣ.” ಅಂಟು ಹಚ್ಚಿ, ಹನ್ನೊಂದು ವರ್ಷದ ಅಭ್ಯಾಸಬಲದಿಂದ, ಕವರಿನ ಮೇಲೆ ‘ಮುಂದಿನ ಗುರುವಾರದ ತನಕ ತೆರೆಯಬಾರದು’ ಎಂದೂ ಬರೆದು ಡಬ್ಬಿಗೆ ಹಾಕಿಬಂದರು.

ಇಂದು ಬುಧವಾರ.

*

ಮೇಲೆ ಕಿಟಕಿಯ ಪಕ್ಕದ ಟೇಬಲ್ಲಿನ ತುದಿಯಲ್ಲಿ ಕವರ್ ಇತ್ತು. ಅಂಟು ಹಾಗೇ ಇತ್ತು. ಬದರಿನಾಥರು ಕುರ್ಚಿಯಲ್ಲಿ ಕುಸಿದು ಕುಳಿತರು.

“ಎರಡು ದಿನ ಕಣಮ್ಮ,” ಎಂದರು. “ಎರಡೇ ದಿನ ಉಳಿದಿತ್ತು. ಕ್ಷಮೆ ಕೇಳೋ ಕಾಗದಕ್ಕೂ ನಿಯಮ ಹಾಕಿದ್ನಲ್ಲ, ನನಗೆ ಬುದ್ಧಿ ಇದೆಯಾ? ಅವರು ನನ್ನ ಮೇಲೆ ಕೋಪ ಇಟ್ಕೊಂಡೇ ಹೋಗ್ಬಿಟ್ರು.” ಕಣ್ಣೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

ರಜನಿ ಕವರನ್ನು ಎತ್ತಿಕೊಂಡಳು. ಬಾಗಿಲಲ್ಲಿ ಅವಳ ಮಗಳು, ಹದಿನೈದರ ಜಾನ್ವಿ, ಅತ್ತು ಊದಿದ ಕಣ್ಣುಗಳೊಂದಿಗೆ ನಿಂತಿದ್ದಳು.

“ಅಂಕಲ್, ತಾತ ಆಲ್ರೆಡಿ ಓದಿದ್ರು.”

“ಇಲ್ಲ ಪುಟ್ಟ, ಅಂಟು ನೋಡು.”

“ಸರಿಯಾಗಿ ನೋಡಿ.” ಜಾನ್ವಿ ಅಮ್ಮನ ಕೈಯಿಂದ ಕವರ್ ತೆಗೆದು ಅದರ ಬಾಯನ್ನು ಅವರ ಕಣ್ಣ ಮುಂದೆ ಹಿಡಿದಳು. ಕಾಗದ ಒದ್ದೆಯಾಗಿ ಒಣಗಿ ಸುಕ್ಕುಗಟ್ಟಿತ್ತು. “ರೈಸ್ ಕುಕರ್ ಹಬೆಗೆ ಹಿಡಿದು ಬಿಚ್ಚೋರು. ಓದಿ, ಮತ್ತೆ ಗ್ಲೂ ಹಾಕೋರು. ಎವ್ರಿ ಟೈಮ್! ಯಾರಿಗೂ ಹೇಳ್ಬೇಡ ಅಂತ ನಂಗೆ ಐಸ್‌ಕ್ರೀಮ್ ಕೊಡಿಸೋರು.”

“ಅಪ್ಪನಾ?” ರಜನಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಇದನ್ನ ಫ್ರೈಡೇನೇ ಓದಿದ್ರು. ಎರಡೆರಡು ಸಲ ಓದಿದ್ರು. ಆಮೇಲೆ ನಗೋಕೆ ಶುರು ಮಾಡಿದ್ರು. ಕಾಲ್ ಮಾಡಿ ತಾತ, ಅಂದೆ. ‘ಈಗ್ಲೇ ಮಾಡಿದ್ರೆ ಸಿಕ್ಕಿಹಾಕ್ಕೊಳ್ತೀನಿ ಕಣೇ. ಥರ್ಸ್‌ಡೇ ಆಗ್ಲಿ, ಬದರಿನ ಕರೆಸೋಣ, ನಿಮ್ಮಮ್ಮನ ಕೈಲಿ ಹೋಳಿಗೆ ಮಾಡಿಸೋಣ’ ಅಂದ್ರು.”

ಬದರಿನಾಥರು ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದರು. ಹನ್ನೊಂದು ವರ್ಷದ ಸೋಲುಗಳೆಲ್ಲ ಒಮ್ಮೆಗೇ ನೆನಪಾದವು. “ಕಳ್ಳ,” ಎಂದರು. “ಅಯ್ಯೋ, ನನ್ನ ಕಳ್ಳ!” ನಗು ಬಂತು, ಅದರ ಬೆನ್ನಿಗೇ ಅಳು ಒತ್ತರಿಸಿ ಬಂತು. ಇಷ್ಟು ಹಗುರಾಗಿ ಅವರು ಎರಡು ತಿಂಗಳಿಂದ ಉಸಿರಾಡಿರಲಿಲ್ಲ. ರಜನಿ ಅವರ ಭುಜ ಹಿಡಿದುಕೊಂಡಳು.

ಕೆಳಗೆ ವ್ಯಾನ್ ಬಂದ ಸದ್ದಾಯಿತು. ಕವರನ್ನು ಜೇಬಿಗಿಟ್ಟುಕೊಂಡು ಏಳುವಾಗ ಬದರಿನಾಥರು ಅಂದು ಮೊದಲ ಬಾರಿಗೆ, ಟೇಬಲ್ಲಿನ ಮೇಲೆ ಹರಡಿದ್ದ ನಕ್ಷೆಯತ್ತ ನೋಡಿದರು. ರಘುನಾಥರು ಸಂಧಿಗೆ ಒಪ್ಪಿಬಿಟ್ಟಿದ್ದರು. ಕೆಂಪು ಮುಚ್ಚಳಗಳು ಕೆಂಪಿನ ಬಂದರಿನಲ್ಲಿ, ನೀಲಿಯವು ನೀಲಿಯ ಬಂದರಿನಲ್ಲಿ, ಯುದ್ಧಕ್ಕೆ ಮೊದಲಿದ್ದ ಹಾಗೆಯೇ ಸಾಲಾಗಿ ನಿಂತಿದ್ದವು. ಒಂದೇ ಒಂದು ನೀಲಿ ಮುಚ್ಚಳ ಮಾತ್ರ, ಯಾರೂ ನೋಡಲಾರರೆಂಬಂತೆ, ಕೆನಡಾದ ದಡಕ್ಕೆ ಒತ್ತಿಕೊಂಡು ಕುಳಿತಿತ್ತು.

ಬದರಿನಾಥರು ಅದನ್ನು ಅಲ್ಲೇ ಇರಗೊಟ್ಟು, ಹೆಗಲು ಕೊಡಲು ಕೆಳಗಿಳಿದರು.