ನೀಲಿ ಗುಂಡಿ, ಬಿಳಿ ಗುಂಡಿ

ದಾರ ಸೂಜಿಯ ಕಣ್ಣಿಗೆ ಹೋಗದೆ ಮತ್ತೆ ಬಾಗಿತು. ಗಂಡನಿಗೆ ಕೊನೆಯ ಸಲ ತೊಡಿಸಬೇಕಾದ ಅಂಗಿಯಲ್ಲಿ ಒಂದು ಗುಂಡಿ ಇರಲಿಲ್ಲ. ನಾಳೆ ಹಾಕಿಕೊಡುತ್ತೇನೆ ಎನ್ನುತ್ತಲೇ ಅವಳು ಮರೆತಿದ್ದ ಗುಂಡಿ. ನಡುಮನೆಯ ಪಿಸುಮಾತು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು.

ಗಂಡನ ಅಕ್ಕ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಸೂಜಿಯನ್ನು ಇಸಿದುಕೊಂಡು ದಾರ ಪೋಣಿಸಿ ಕೊಟ್ಟರು. ತಮ್ಮನನ್ನು ಎತ್ತಿ ಆಡಿಸಿದ ಕೈ ಅದು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆಸ್ಪತ್ರೆಗೆ ಮಾರ್ಕೆಟ್ ದಾರೀಲಿ ಯಾಕೆ ಹೋಗ್ಲಿಲ್ಲ?”

ಅವಳು ಸೂಜಿ ಚುಚ್ಚಿದಳು, ಎಳೆದಳು.

“ಆ ಕಡೆ ರೈಲ್ವೆ ಗೇಟ್ ಬೀಳುತ್ತೆ ಅಂತ ಗೊತ್ತಿತ್ತಲ್ವಾ. ಇನ್ನೊಂಚೂರು ಬೇಗ ಬಂದಿದ್ರೆ ಅಂತ ಡಾಕ್ಟರೂ ಅಂದ್ರಂತೆ.”

ಡಾಕ್ಟರು ಹಾಗೆಂದದ್ದು ನಿಜ. ಅಂದಿನಿಂದ ಅವಳ ಕಿವಿಯಲ್ಲಿ ಬೇರೇನೂ ಉಳಿದಿರಲಿಲ್ಲ. ತೊಡೆಯ ಮೇಲಿನ ಡಬ್ಬಿ ವಾಲಿತು, ಗುಂಡಿಗಳು ನೆಲದ ತುಂಬ ಉರುಳಿದವು. ಅತ್ತಿಗೆ ಬಗ್ಗಿ ಒಂದೊಂದಾಗಿ ಹೆಕ್ಕಿ ಹಾಕಿದರು. ಕೊನೆಯದೊಂದು ಅವರ ಮುಷ್ಟಿಯಲ್ಲೇ ಉಳಿದದ್ದು ಇಬ್ಬರಿಗೂ ತಿಳಿಯಲಿಲ್ಲ.

*

ಆ ಡಬ್ಬಿಯನ್ನು ಒಮ್ಮೆ ಗಂಡನೇ ಊಟದ ಮೇಜಿನ ಮೇಲೆ ಸುರಿದಿದ್ದ. ಆಸ್ಪತ್ರೆಯ ಪಕ್ಕದ ಕಾಲೇಜಿನಲ್ಲಿ ಅವನು ಸಂಖ್ಯಾಶಾಸ್ತ್ರದ ಮೇಷ್ಟ್ರು. ತಿಂಗಳೆಲ್ಲ ಬೆಳಿಗ್ಗೆ ನಾಣ್ಯ ಚಿಮ್ಮಿ ಕಾಲೇಜಿನ ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಂಡು, ಹಿಡಿದ ಹೊತ್ತನ್ನು ಗುರುತಿಟ್ಟುಕೊಂಡಿದ್ದ. ಅವಳ ಅಳತೆ ಟೇಪನ್ನು ಮೇಜಿನುದ್ದ ಹಾಸಿ, ನಿಮಿಷಕ್ಕೊಂದು ಗೆರೆ ಎಂದುಕೊಂಡು, ಮಾರ್ಕೆಟ್ ದಾರಿಯ ದಿನಕ್ಕೆ ನೀಲಿ ಗುಂಡಿ, ಗೇಟಿನ ದಾರಿಯ ದಿನಕ್ಕೆ ಬಿಳಿ ಗುಂಡಿ ಇಡುತ್ತ ಹೋದ. ಬೇಗ ತಲುಪಿದ್ದು ಎಡಕ್ಕೆ, ತಡವಾದದ್ದು ಬಲಕ್ಕೆ.

“ನೀಲಿ ಸರಾಸರಿ ಎರಡು ನಿಮಿಷ ಕಡಿಮೆ. ಹಾಗಾದ್ರೆ ಮಾರ್ಕೆಟ್ ದಾರೀನೇ ಬೇಗ ಅನ್ಬಹುದಾ?”

ಅನ್ನಬಹುದು ಎಂದಳು ಅವಳು. ಸಾರು ಆರುತ್ತಿತ್ತು.

“ಗುಂಡಿ ಹೇಗೆ ಚೆಲ್ಲಾಡಿವೆ ನೋಡು. ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ಇಷ್ಟೊಂದು ಓಲಾಟದೊಳಗೆ ಎರಡು ನಿಮಿಷ ಸುಮ್ಮನೆ ಅದೃಷ್ಟಕ್ಕೂ ಬರುತ್ತೆ. ಸರಾಸರಿಗಳ ಅಂತರಾನ ಈ ಓಲಾಟದ ಎದುರಿಗಿಟ್ಟು ತೂಗೋದೇ ಟಿ ಪರೀಕ್ಷೆ.”

“ತೂಗಿದ್ರೆ?”

“ಬೇರೆ ಅನ್ನೋಕೆ ಸಾಕ್ಷಿ ಸಾಲದು. ಒಂದೇ ಅಂತಾನೂ ಅನ್ನಲ್ಲ ನಾನು.”

ಇಷ್ಟು ಹೇಳೋದಕ್ಕೆ ಮೇಷ್ಟ್ರಿಗೆ ಸಂಬಳ ಬೇರೆ ಕೊಡ್ತಾರೆ ಎಂದು ಅವಳು ಗುಂಡಿಗಳನ್ನೆಲ್ಲ ಒಟ್ಟಿಗೆ ಗುಡಿಸಿದಳು. ಅವನು ನಗುತ್ತ ಅವಳ ಕೈಯಡಿಗೆ ತನ್ನ ಕೈ ಚಾಚಿದ. ದೀಪದ ಬೆಳಕಿನಲ್ಲಿ ನೀಲಿ, ಬಿಳಿ ಬೆರೆತು, ಯಾವ ಗುಂಡಿ ಯಾವ ದಿನದ್ದೆಂದು ಗುರುತು ಹತ್ತಲಿಲ್ಲ.

*

ಸ್ಮಶಾನವೂ ಅದೇ ಆಸ್ಪತ್ರೆಯ ಆಚೆಗೆ. ಅವನನ್ನು ಹೊತ್ತ ವ್ಯಾನು ದಾರಿ ಒಡೆಯುವಲ್ಲಿ ನಿಂತಿತು. ಎಡಕ್ಕೆ ಗೇಟು, ಬಲಕ್ಕೆ ಮಾರ್ಕೆಟ್. ಡ್ರೈವರ್ ಯಾವ ಕಡೆ ಎಂದು ಕೇಳಿದ. ಮುಂದೆ ಕೂತಿದ್ದ, ಅವಳ ಗಂಡನ ಜೊತೆಗೆ ಕಲಿಸುತ್ತಿದ್ದ ಗಣಿತದ ಮೇಷ್ಟ್ರು ಅಭ್ಯಾಸಬಲದಿಂದ, “ಎರಡೂ ಒಂದೇ,” ಎಂದರು. ತಕ್ಷಣ ನಾಲಿಗೆ ಕಚ್ಚಿಕೊಂಡರು. “ಒಂದೇ ಅಂದ್ರೆ ಅವನು ಬೈತಿದ್ದ. ಬೇರೆ ಅನ್ನೋಕಾಗಲ್ಲ, ಅಷ್ಟೇ.”

ಕಾಲೇಜಿನವರು ಇಬ್ಬರು ನಕ್ಕು, ನಕ್ಕದ್ದಕ್ಕೆ ತಲೆ ತಗ್ಗಿಸಿದರು.

ಅವರು ಏನು ಹೇಳ್ತಿದಾರೆ ಎಂದು ಅತ್ತಿಗೆ ಕೇಳಿದರು. ಅವಳು ಮೇಜು, ಟೇಪು, ಗುಂಡಿಗಳ ಕತೆ ಹೇಳಿದಳು. ತನ್ನ ದನಿ ಬೇರೆ ಯಾರದೋ ಎನ್ನಿಸುತ್ತಿತ್ತು. ಅತ್ತಿಗೆ ಅವಳ ಕಡೆ ತಿರುಗಿದರು.

“ಹಾಗಾದ್ರೆ ಆವತ್ತು ಯಾವ ದಾರೀಲಿ ಹೋಗಿದ್ರೂ ಅಷ್ಟೇ ಅಂತಾನಾ?”

ಹೌದು ಎಂದುಬಿಡಬಹುದಿತ್ತು. ಒಂದು ಮಾತಿಗೆ ಎಲ್ಲ ಮುಗಿಯುತ್ತಿತ್ತು. ಅವಳು ಅವನ ಅಂಗಿಯ ಹೊಸ ಗುಂಡಿಯನ್ನು ನೋಡಿದಳು.

“ಇಲ್ಲ ಅತ್ತಿಗೆ. ಆ ಲೆಕ್ಕಕ್ಕೆ ದಾರಿ ಗೊತ್ತು. ಆವತ್ತಿನ ಒಂದು ದಿನ ಗೊತ್ತಿಲ್ಲ.”

ಅತ್ತಿಗೆ ಮುಂದಕ್ಕೆ ಬಾಗಿ, “ಗೇಟಿನ ಕಡೇನೇ ಹೋಗಪ್ಪ,” ಎಂದರು.

ಗೇಟು ತೆರೆದಿತ್ತು. ಅದರ ಪಟ್ಟೆ ಕಂಬ ಮುಗಿಲಿಗೆ ನೆಟ್ಟಗೆ ನಿಂತಿತ್ತು. ಆದರೂ ಡ್ರೈವರ್ ಗಾಡಿ ನಿಲ್ಲಿಸಿ ಎರಡೂ ಕಡೆ ನೋಡಿದ. ಹಳಿಗಳ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಇಷ್ಟು ಸುಲಭವೇ ಎಂಬಂತೆ ಅವಳು ಅದನ್ನು ನೋಡಿದಳು.

“ಆವತ್ತು ಗೇಟ್ ಬಿದ್ದು ಇಲ್ಲಿ ನಿಂತಿದ್ದಾಗ ಅವನೇನಾದ್ರೂ ಅಂದ್ನಾ?” ಅತ್ತಿಗೆ ಕೇಳಿದರು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಕಣ್ಣು ಮುಚ್ಕೊಂಡೇ ಇದ್ರು. ‘ಇವತ್ತಿನ ಬಿಳಿ ಗುಂಡಿ ತುಂಬಾ ಬಲಕ್ಕೆ ಹೋಯ್ತು ಕಣೇ’ ಅಂದ್ರು. ನಕ್ರು.”

ಅತ್ತಿಗೆಯ ಮುಷ್ಟಿ ಬಿಚ್ಚಿಕೊಂಡಿತು. ಬೆವೆತ ಅಂಗೈಯಲ್ಲಿ ಬಿಳಿ ಗುಂಡಿ ಅಂಟಿಕೊಂಡಿತ್ತು. ಅವರು ಅದನ್ನು ಬಿಡಿಸಿ ಅವಳ ಮಡಿಲಲ್ಲಿಟ್ಟರು. ಸ್ವಲ್ಪ ಯೋಚಿಸಿ, ಒಂದೇ ಬೆರಳಿನಿಂದ ಎಡಕ್ಕೆ, ಇನ್ನೂ ಎಡಕ್ಕೆ ಸರಿಸಿದರು. ವ್ಯಾನು ಹಳಿ ದಾಟುವಾಗ ಗುಂಡಿ ನಡುಗಿತು. ಇಬ್ಬರ ಕೈಗಳೂ ಅದನ್ನು ಮುಚ್ಚಿಕೊಂಡವು.