ಬೆಟ್ಟದ ಗೋಪುರ ನಿಲ್ಲಿಸಿದವನ ಸಾವು

ವುಕೊಸಾವ ಸತ್ತ ಸುದ್ದಿಯನ್ನು ರೇಡಿಯೊದಲ್ಲಿ ಓದಕೂಡದಂತೆ! ಕೇಳಿ ದರಿಂಕಾಳ ಮೈಯೆಲ್ಲ ಉರಿದುಹೋಯಿತು. ಮಾಂಟೆನೆಗ್ರೋದ ಆ ಬೆಟ್ಟದೂರಿನ ನಿಲಯದಲ್ಲಿ ಮಧ್ಯಾಹ್ನದ ವಾರ್ತೆಯ ಬೆನ್ನಿಗೇ ಸತ್ತವರ ಹೆಸರು ಓದುತ್ತ ಅವಳ ಕೂದಲು ನರೆತಿತ್ತು.

"ಅದೆಲ್ಲ ನಮ್ಮ ಬ್ರ್ಯಾಂಡಿಗೆ ಒಗ್ಗಲ್ಲ ಅಕ್ಕ," ಎಂದ ಫೋನಿನಲ್ಲಿ ನೆಬೊಯ್ಶಾ, ರಾಜಧಾನಿಯ ಗಾಜಿನ ಕಟ್ಟಡದಲ್ಲಿ ಕೂತ ನಿರ್ದೇಶಕ. "ವೆಬ್‌ಸೈಟಲ್ಲಿ ಹಾಕಿದೀವಲ್ಲ, ಬೇಕಾದವರು ನೋಡ್ಕೋತಾರೆ."

"ಯಾರೋ ನೋಡ್ಕೊಳ್ಳೋದು? ಮೇಲಿನ ಹಳ್ಳಿ ಮುದುಕರಾ? ಅವರ ಹತ್ರ ಇರೋದು ಕುರಿ ಮತ್ತೆ ರೇಡಿಯೊ ಕಣೋ."

"ಇವತ್ತು ಕಂಪನಿ ಹುಟ್ಟಿದ ಹಬ್ಬ. ನಾವು ಕಳಿಸಿರೋದನ್ನ ಓದು, ಸಾಕು."

ಕಳಿಸಿದ್ದರಲ್ಲಿ ಬರೀ ಬೆನ್ನು ತಟ್ಟಿಕೊಂಡದ್ದೇ. ಎರಡು ಕೋಣೆಯ ರೇಡಿಯೊ ಆಗಿದ್ದದ್ದು ಟಿವಿ ಆಯಿತಂತೆ, ಪತ್ರಿಕೆ ಆಯಿತಂತೆ, ಊರೂರಿನ ನಿಲಯಗಳನ್ನು ಮಡಿಲಿಗೆ ಹಾಕಿಕೊಂಡಿತಂತೆ. ನುಂಗಿತು ಅನ್ನಲು ನಾಚಿಕೆಯೇನೋ! ಈ ಊರಿನ ಬೆಟ್ಟದ ಮೇಲೆ 'ಕಂಪನಿಯೇ ರೇಡಿಯೊ ಗೋಪುರ ನಿಲ್ಲಿಸಿತು' ಎಂಬ ಸಾಲಿಗೆ ಬಂದಾಗ ದರಿಂಕಾ ಕಾಗದವನ್ನು ಮೇಜಿಗೆ ಬಡಿದಳು. ಕಂಪನಿಗೆ ಕೈಯಿತ್ತೇ? ಹೇಸರಗತ್ತೆಯ ಮೇಲೆ ಕಬ್ಬಿಣ ಹೇರಿಕೊಂಡು ಹೋಗಿ, ಹಿಮಕ್ಕೆ ಎರಡು ಬೆರಳು ಕೊಟ್ಟು ಅದನ್ನು ನಿಲ್ಲಿಸಿದವನು ವುಕೊಸಾವ.

ಅಷ್ಟರಲ್ಲಿ ಅವನ ಹೆಂಡತಿ ಗೊಸ್ಪಾವ ಬಂದಳು, ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು.

"ನಾಳೆ ಎರಡು ಗಂಟೆಗೆ ಮಣ್ಣು. ಹೇಳ್ತೀಯಲ್ಲ ದರಿಂಕಾ? ನಾಲ್ಕೇ ಜನ ಬಂದು ಹೂತ್ರೆ ನಾನು ಹ್ಯಾಗೆ ತಲೆ ಎತ್ತಲೇ?"

ಬೆಟ್ಟದ ಮೇಲೆ ಗಂಡಸಿನ ಬೆಲೆ ಗೊತ್ತಾಗುವುದೇ ಅವನ ಗುಂಡಿಯ ಸುತ್ತ ಟೋಪಿ ತೆಗೆದು ನಿಂತ ಜನರಿಂದ. "ಹೇಳ್ತೀನಿ ಕಣೇ," ಎಂದಳು ದರಿಂಕಾ.

ವಾರ್ತೆ ಮುಗಿಯಿತು. ಹಬ್ಬದ ಕಾಗದವನ್ನು ಪಕ್ಕಕ್ಕೆ ತಳ್ಳಿ ಮೈಕಿಗೆ ಬಾಯಿಟ್ಟಳು. "ಬೆಟ್ಟದ ಜನರೇ, ನಮ್ಮ ಗೋಪುರ ನಿಲ್ಲಿಸಿದ ವುಕೊಸಾವ ತೀರಿಕೊಂಡಿದ್ದಾನೆ. ನಾಳೆ ಮಣ್ಣು, ಅವನ ಮನೆಯಿಂದ..."

ಹೆಡ್‌ಫೋನಿನಲ್ಲಿ ಅವಳ ದನಿ ತುಂಡಾಯಿತು. ರಾಜಧಾನಿಯವರು ಅಲ್ಲಿಂದಲೇ ಕತ್ತರಿಸಿದ್ದರು. ಆ ಜಾಗದಲ್ಲಿ ಬೆಟ್ಟಿಂಗ್ ಜಾಹೀರಾತಿನವನು ಕೇಕೆ ಹಾಕುತ್ತಿದ್ದ. ಮರುಗಳಿಗೆಯೇ ಫೋನು.

"ನಾಳೆಯಿಂದ ಬರಬೇಡ," ಎಂದ ನೆಬೊಯ್ಶಾ.

"ಹೋಗಲಿ ಬಿಡೋ ನಿನ್ನ ಕೆಲಸ! ಎಷ್ಟೊತ್ತಿಗೆ ಅಂತ ಹೇಳೋಕಾದ್ರೂ ಬಿಡಬಾರದಿತ್ತಾ, ಪಾಪಿ?"

ಸಿಟ್ಟಿಗೇ ಅಳು ಬಂತು. ಹೊತ್ತು ಗೊತ್ತಿಲ್ಲದ ಮಣ್ಣಿಗೆ ಯಾರು ಬಂದಾರು? ಗೊಸ್ಪಾವಳಿಗೆ ಏನೆಂದು ಹೇಳುವುದು?

ಮರುದಿನ ಬೆಳಕು ಹರಿಯುತ್ತಲೇ ಗೊಸ್ಪಾವಳ ಮನೆಗೆ ಹೊರಟಳು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ಬಂದವರು, ನಡೆದು ಬಂದವರು, ಬೇಲಿಯಾಚೆ ರಸ್ತೆಯುದ್ದಕ್ಕೂ ನಿಂತವರು. ಗೊಸ್ಪಾವ ಒಬ್ಬೊಬ್ಬರಿಗೂ ರಕಿಯಾ ಸಾರಾಯಿ ಸುರಿದು ಕೊಡುತ್ತಿದ್ದಳು.

"ಹೊತ್ತು ಹೇಳೋ ಮುಂಚೆನೇ ನಿನ್ನ ಬಾಯಿ ಮುಚ್ಚಿಸಿಬಿಟ್ರಲ್ಲಮ್ಮ," ಎಂದ ಮೇಲಿನ ಹಳ್ಳಿಯ ಮುದುಕನೊಬ್ಬ, ಹಲ್ಲು ಕಡಿಯುತ್ತ. "ತಡವಾಗಿ ಬಂದು ಮಾನ ಕಳ್ಕೊಳ್ಳೋದಾ? ಕತ್ತಲಿರೋವಾಗಲೇ ಹೊರಟ್ವಿ. ಬರದೇ ಇರ್ತಿದ್ದೋರೂ ಆ ಕೇಕೆ ಕೇಳಿ ಉರ್ಕೊಂಡು ಬಂದವ್ರೆ."

ದರಿಂಕಾಳ ಫೋನು ಬಡಿದುಕೊಂಡಿತು. ನೆಬೊಯ್ಶಾನ ದನಿಯಲ್ಲಿ ಈಗ ಜೇನು ಸುರಿಯುತ್ತಿತ್ತು.

"ಅಕ್ಕಾ, ಜನವೋ ಜನವಂತೆ! ನಮ್ಮ ಗೋಪುರದ ಹೀರೋ ಅಂತ ಸಂಜೆ ಸುದ್ದಿಗೆ ಹಾಕೋಣ. ಕ್ಯಾಮೆರಾ ಕಳಿಸ್ತೀನಿ. ಮಣ್ಣು ಎಷ್ಟೊತ್ತಿಗೆ?"

"ವೆಬ್‌ಸೈಟಲ್ಲಿ ಹಾಕಿದೀಯಲ್ಲೋ," ಎಂದಳು ದರಿಂಕಾ. "ನೋಡ್ಕೋ."